ಕೇಳಿ, ಹೇಳುತ್ತೇವೆ: ಬಿಸಿಲೂರಿನಲ್ಲಿ ಮಕ್ಕಳ ಕೇಕು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಹುಟ್ಟುಹಬ್ಬದ ಕೇಕಿನವೇ. ಮಗು ಕೇಳಿದ ಆಕಾರ ಬೇಕು, ಮೊಟ್ಟೆ ಕೂಡದು, ಮನೆಯಲ್ಲಿ ಓವನ್ ಇಲ್ಲ, ಹೊರಗೆ ಸುಡುವ ಬಿಸಿಲು. ಎಲ್ಲರ ತೊಡಕೂ ಹೆಚ್ಚುಕಡಿಮೆ ಇಷ್ಟೇ.

ಪ್ರಶ್ನೆ: ಮಗನ ಮೊದಲ ಹುಟ್ಟುಹಬ್ಬ ಏಪ್ರಿಲ್ ಕೊನೆಗೆ. ಹೋದ ವರ್ಷ ಅಕ್ಕನ ಮಗಳಿಗೆ ಮಾಡಿದ ಕೇಕಿನ ಕ್ರೀಮು ಕತ್ತರಿಸುವ ಹೊತ್ತಿಗೆ ಜಾರಿ ಕೇಕಿನ ಕೆಳಗಿನ ಬೋರ್ಡಿಗೆ ಬಂದಿತ್ತು. ಪ್ಯಾಕೆಟ್ ಫ್ರೆಶ್ ಕ್ರೀಮನ್ನೇ ಸಕ್ಕರೆ ಹಾಕಿ ಅರ್ಧ ಗಂಟೆ ಬೀಟ್ ಮಾಡಿದ್ದೆವು. ಈ ಸಲ ನಮ್ಮೂರ ಬೆಣ್ಣೆಯಲ್ಲೇ ಬಟರ್ ಕ್ರೀಮ್ ಮಾಡಿದರೆ ನಿಲ್ಲುತ್ತದೆಯೇ, ಮೇಡಂ?
— ವಿದ್ಯಾನಗರ, ದಾವಣಗೆರೆ

ಉತ್ತರ: ನಿಲ್ಲುವುದಿಲ್ಲ. ದೋಸೆಗೆ ಆ ಬೆಣ್ಣೆಯನ್ನು ಮೀರಿಸಿದ್ದಿಲ್ಲ, ಕೇಕಿಗೆ ಮಾತ್ರ ಅದು ಆಗದು. ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ. ಐಸಿಂಗ್ ಶುಗರ್ ಸೇರಿಸಿ ತಿರುಗಿಸುವಾಗ ಆ ನೀರು ಬಿಟ್ಟುಕೊಂಡು ಕ್ರೀಮು ಒಡೆದ ಹಾಲಿನಂತೆ ಕಾಳುಕಾಳಾಗುತ್ತದೆ, ಜೊತೆಗೆ ಹುಳಿ ವಾಸನೆ. ಅಂಗಡಿಯ ಉಪ್ಪಿಲ್ಲದ ಬೆಣ್ಣೆ ತಂದರೂ 32-35 ಡಿಗ್ರಿಗೆ ಅದು ಕರಗಲೇಬೇಕು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಅದಕ್ಕಿಂತ ಬಿಸಿ.

ಹೋದ ವರ್ಷದ ತಪ್ಪು ನಿಮ್ಮ ಕೈಯದಲ್ಲ, ಪ್ಯಾಕೆಟ್ಟಿನದು. ಅಡುಗೆಗೆ ಬಳಸುವ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಸುಮಾರು ಶೇ. 25 ಮಾತ್ರ. ಗಾಳಿ ಹಿಡಿದು ನಿಲ್ಲಬೇಕಾದರೆ ಶೇ. 30ಕ್ಕೂ ಮೇಲೆ ಬೇಕು. ಅದನ್ನು ಅರ್ಧ ಗಂಟೆಯಲ್ಲ, ಅರ್ಧ ದಿನ ಬೀಟ್ ಮಾಡಿದರೂ ನೊರೆಯಾಗಬಹುದೇ ಹೊರತು ಗಟ್ಟಿಯಾಗದು.

ಬೇಕರಿ ಸಾಮಾನಿನ ಅಂಗಡಿಯಲ್ಲಿ 'ನಾನ್ ಡೈರಿ ವಿಪ್ಪಿಂಗ್ ಕ್ರೀಮ್' ಕೇಳಿ. ಗಟ್ಟಿ ಹೆಪ್ಪುಗಟ್ಟಿದ ಡಬ್ಬಿಯಲ್ಲಿ ಬರುತ್ತದೆ. ಹೆಚ್ಚಾಗಿ ತಾಳೆಬೀಜದ ಎಣ್ಣೆಯದ್ದು, ರುಚಿಯಲ್ಲಿ ಹಾಲಿನ ಕ್ರೀಮಿಗೆ ಸಾಟಿಯಲ್ಲ, ಆದರೆ ಬಿಸಿಲಿಗೆ ತಡೆಯುವುದು ಅದೇ. ಹಿಂದಿನ ರಾತ್ರಿ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ. ಬೆಳಿಗ್ಗೆ ಅಲ್ಲಲ್ಲಿ ಐಸಿನ ಚೂರು ಉಳಿದಿರುವಾಗಲೇ ಬೀಟ್ ಮಾಡಬೇಕು, ಪೂರ್ತಿ ನೀರಾದ ಮೇಲಲ್ಲ. ಸ್ಟೀಲಿನ ಬಟ್ಟಲು, ಬೀಟರಿನ ಕಡ್ಡಿ ಎರಡನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಮೊದಲು ನಿಧಾನ, ಆಮೇಲೆ ಮಧ್ಯಮ ವೇಗ, ಒಟ್ಟು 5ರಿಂದ 7 ನಿಮಿಷ. ಬೀಟರ್ ಎತ್ತಿದಾಗ ಕ್ರೀಮಿನ ತುದಿ ಬಾಗದೆ ನಿಂತರೆ ಅಲ್ಲಿಗೆ ನಿಲ್ಲಿಸಿ. ಇನ್ನೊಂದು ನಿಮಿಷ ಹೆಚ್ಚಾದರೆ ರವೆ ರವೆಯಾಗುತ್ತದೆ. ಹಾಗಾಯಿತೆಂದರೆ ಬೀಟ್ ಮಾಡದ ಕ್ರೀಮು ಎರಡು ಚಮಚ ಹಾಕಿ ಸೌಟಿನಲ್ಲಿ ಮೆಲ್ಲಗೆ ತಿರುವಿದರೆ ಸರಿಹೋಗುತ್ತದೆ. 7 ಇಂಚಿನ ಕೇಕಿಗೆ 300 ಮಿ.ಲೀ. ಸಾಕು, ಬೀಟ್ ಮಾಡಿದ ಮೇಲೆ ಮೂರು ಪಟ್ಟಾಗುತ್ತದೆ. ಇದರಲ್ಲಿ ಸಕ್ಕರೆ ಮೊದಲೇ ಇರುತ್ತದೆ, ಮತ್ತೆ ಹಾಕಬೇಡಿ.

ಸ್ಪಂಜು ಪೂರ್ತಿ ಆರಿರಬೇಕು. ಅಂಗೈ ಇಟ್ಟಾಗ ತುಸು ಬೆಚ್ಚಗನಿಸಿದರೂ ಕ್ರೀಮು ಜಾರುವುದು ಅಲ್ಲಿಂದಲೇ ಶುರು. ಮೊದಲು ತೆಳ್ಳಗೆ ಒಂದು ಪದರ ಬಳಿದು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಪುಡಿಯೆಲ್ಲ ಅದರಲ್ಲೇ ಅಂಟಿಕೊಳ್ಳುತ್ತದೆ. ಎರಡನೆಯ ಪದರ ಆಮೇಲೆ. ಅಂದಹಾಗೆ, ಬೋರ್ಡು ತರುವ ಮುಂಚೆ ಫ್ರಿಜ್ಜಿನ ತಟ್ಟೆಗಳ ನಡುವಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆಯಿರಿ. ಕೇಕು ಸಿದ್ಧವಾದ ಮೇಲೆ ಉಪ್ಪಿನಕಾಯಿ ಜಾಡಿ, ದೋಸೆ ಹಿಟ್ಟಿನ ಪಾತ್ರೆ ಎಲ್ಲ ಹೊರಗೆ ಸಾಲುಗಟ್ಟುವುದು ಎಲ್ಲರ ಮನೆಯ ಕಥೆ. ಕತ್ತರಿಸುವುದನ್ನು ಸಂಜೆ ಏಳಕ್ಕೆ ಇಟ್ಟುಕೊಳ್ಳಿ, ಹದಿನೈದು ನಿಮಿಷ ಮುಂಚೆ ಹೊರತೆಗೆಯಿರಿ, ಅರ್ಧ ಗಂಟೆ ಮೀರಿಸಬೇಡಿ.

ಮಗುವಿಗೆ ಒಂದು ವರ್ಷ ಅಂದಿರಿ. ಜೇನುತುಪ್ಪ ಎಲ್ಲೂ ಬೇಡ. ವರ್ಷ ತುಂಬದ ಕೂಸುಗಳಿಗೆ ಅದು ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲದು, ಬರುವವರಲ್ಲಿ ಅಂಥ ಕೂಸೂ ಇರಬಹುದು. ಇಡೀ ಗೋಡಂಬಿ, ಬಾದಾಮಿ, ಗಟ್ಟಿ ಬೆಳ್ಳಿ ಗುಂಡುಗಳು ಗಂಟಲಿಗೆ ಸಿಕ್ಕುತ್ತವೆ, ಅವನ್ನೂ ಬಿಡಿ.

ಪ್ರಶ್ನೆ: ಓವನ್ ಇಲ್ಲ. ಕುಕ್ಕರಿನಲ್ಲಿ ಮೊಟ್ಟೆಯಿಲ್ಲದ ಕೇಕು ಮಾಡಿದರೆ ನಡುವೆ ಕುಸಿಯುತ್ತದೆ, ತಳ ಸೀಯುತ್ತದೆ. ಅಳತೆ ತಿಳಿಸಿ.
— ಹರಿಹರ

ಉತ್ತರ: ಕುಕ್ಕರು ನೀರಿಲ್ಲದೆ ಕಾಯಿಸಲು ಮಾಡಿದ್ದಲ್ಲ, ತಳ ಹಾಳಾಗುತ್ತದೆ. ಮುಚ್ಚಳ ಸರಿಯಾಗಿ ಕೂರುವ ದಪ್ಪ ತಳದ ಹಳೆಯ ಪಾತ್ರೆ ಒಂದನ್ನು ಇದಕ್ಕೇ ತೆಗೆದಿಡಿ. ಕುಕ್ಕರೇ ಗತಿಯೆಂದರೆ ಗ್ಯಾಸ್ಕೆಟ್ಟು, ಸೀಟಿ ಎರಡನ್ನೂ ತೆಗೆದಿರಲೇಬೇಕು. ಒಳಗೆ ಒಂದು ಇಂಚು ಕಲ್ಲುಪ್ಪು, ಅದರ ಮೇಲೆ ಸ್ಟ್ಯಾಂಡು. ಕೇಕಿನ ಟಿನ್ನು ಉಪ್ಪಿಗಾಗಲಿ ಪಕ್ಕದ ಗೋಡೆಗಾಗಲಿ ತಾಗಬಾರದು. ನಿಮ್ಮ ತಳ ಸೀಯುವುದಕ್ಕೆ ಕಾರಣ ಹೆಚ್ಚಾಗಿ ಇದೇ.

7 ಇಂಚಿನ ಟಿನ್ನಿಗೆ ಮೈದಾ ಒಂದೂವರೆ ಕಪ್ (190 ಗ್ರಾಂ), ಗಟ್ಟಿ ಮೊಸರು 1 ಕಪ್, ಪುಡಿ ಸಕ್ಕರೆ 150 ಗ್ರಾಂ, ವಾಸನೆಯಿಲ್ಲದ ಎಣ್ಣೆ ಅರ್ಧ ಕಪ್, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡ ಅರ್ಧ ಟೀ ಚಮಚ, ವೆನಿಲಾ 1 ಟೀ ಚಮಚ. ಚಮಚವೆಂದರೆ ಅಳತೆಯ ಚಮಚ, ಅಂಚಿಗೆ ಸರಿಯಾಗಿ ಚಾಕುವಿನಿಂದ ಸವರಿದ್ದು. ಮೊಸರಿಗೆ ಸಕ್ಕರೆ ಹಾಕಿ ಕರಗಿಸಿ, ಸೋಡ ಮತ್ತು ಬೇಕಿಂಗ್ ಪೌಡರ್ ಸೇರಿಸಿ ಐದು ನಿಮಿಷ ಬಿಡಿ. ಮೇಲೆ ನೊರೆ ಬರಬೇಕು. ಬಾರದಿದ್ದರೆ ಪೌಡರಿನ ಡಬ್ಬಿ ಹಳತಾಗಿದೆ, ಅಲ್ಲಿಗೇ ನಿಲ್ಲಿಸಿ ಹೊಸದು ತನ್ನಿ. ನೊರೆ ಬಂದರೆ ಎಣ್ಣೆ, ವೆನಿಲಾ, ಕೊನೆಗೆ ಎರಡು ಸಲ ಜರಡಿ ಹಿಡಿದ ಮೈದಾ. ಗಂಟು ಒಡೆದ ತಕ್ಷಣ ಕೈ ತೆಗೆಯಿರಿ. ಮೈದಾವನ್ನು ಹೆಚ್ಚು ತಿರುವಿದರೆ ಜಿಗುಟು ಹುಟ್ಟಿ ತಳದಲ್ಲಿ ರಬ್ಬರಿನಂಥ ಪದರ ಕೂರುತ್ತದೆ.

ಕುಸಿಯುವುದಕ್ಕೆ ಕಾರಣ ಮೂರರಲ್ಲಿ ಒಂದು. ಕಲಸಿದ ಹಿಟ್ಟನ್ನು ಕಾಯಲು ಬಿಟ್ಟಿರುತ್ತೀರಿ, ಗಾಳಿಯೆಲ್ಲ ಹೋಗಿರುತ್ತದೆ. ಇಲ್ಲವೇ ಸೋಡ ಹೆಚ್ಚಾಗಿ ಕೇಕು ಬೇಗ ಉಬ್ಬಿ, ಬೇಯುವ ಮುಂಚೆಯೇ ಬಿದ್ದಿರುತ್ತದೆ. ಅಥವಾ ಇಪ್ಪತ್ತನೇ ನಿಮಿಷಕ್ಕೆ ಮುಚ್ಚಳ ತೆಗೆದು ಇಣುಕಿರುತ್ತೀರಿ. ಪಾತ್ರೆಯನ್ನು ಮಧ್ಯಮ ಉರಿಯಲ್ಲಿ 10 ನಿಮಿಷ ಮೊದಲೇ ಕಾಯಿಸಿ, ಟಿನ್ನು ಇಳಿಸಿ, ಉರಿ ಪೂರ್ತಿ ಸಣ್ಣ ಮಾಡಿ. 35 ನಿಮಿಷದ ತನಕ ಮುಚ್ಚಳ ಮುಟ್ಟಬೇಡಿ. ಒಟ್ಟು 45-50 ನಿಮಿಷ ಬೇಕಾಗುತ್ತದೆ. ಓವನ್ ಇರುವವರಿಗೆ 170 ಡಿಗ್ರಿ, 35-40 ನಿಮಿಷ.

ಪ್ರಶ್ನೆ: ಮಗಳಿಗೆ ಐದು ತುಂಬುತ್ತದೆ. ಶಾಲೆಯಲ್ಲಿ ಓಬವ್ವನ ವೇಷ ಹಾಕಿದಾಗಿನಿಂದ ಕೋಟೆ ಕೇಕೇ ಬೇಕೆಂಬ ಹಟ. ಫಾಂಡೆಂಟ್ (ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟು) ತಂದು ಮಾಡೋಣವೆಂದರೆ ಅದರಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆಯುವ ಜೆಲಟಿನ್ ಇರುತ್ತದಂತೆ, ಮನೆಯಲ್ಲಿ ಅಜ್ಜಿ ಒಪ್ಪುವುದಿಲ್ಲ. ಹೇಗೆ ಮಾಡುವುದು?
— ಚಿತ್ರದುರ್ಗ

ಉತ್ತರ: ಏಳು ಸುತ್ತೂ ತೋರಿಸಲು ಹೋಗಬೇಡಿ. ಐದು ವರ್ಷದ ಕಣ್ಣಿಗೆ ಕೋಟೆಯೆಂದರೆ ಬಂಡೆ, ಗೋಡೆ, ಕಿಂಡಿ, ಒನಕೆ. ಈ ನಾಲ್ಕು ಇದ್ದರೆ ಆಯಿತು. ಹತ್ತು ಗುರುತು ತುರುಕಿದ ಕೇಕಿನಲ್ಲಿ ಯಾವುದೂ ಕಾಣುವುದಿಲ್ಲ.

ಕೆಳಗೆ 8 ಇಂಚಿನ ಚೌಕ ಸ್ಪಂಜು. ಇದಕ್ಕೆ ಹರಿಹರದವರಿಗೆ ಹೇಳಿದ ಅಳತೆಯ ಒಂದೂವರೆ ಪಟ್ಟು. ಮೇಲೆ 5 ಇಂಚಿನದು, ನಡುವಿಗಲ್ಲ, ಒಂದು ಮೂಲೆಗೆ ಸರಿಸಿ ಕೂರಿಸಿ. ಮುಂದೆ ಉಳಿದ ಜಾಗದಲ್ಲಿ ಕಿಂಡಿ ಬರುತ್ತದೆ. ಎರಡನ್ನೂ ವಿಪ್ಪಿಂಗ್ ಕ್ರೀಮಿಗೆ ಒಂದು ಚಮಚ ಕೋಕೋ ಬೆರೆಸಿ ಬಳಿಯಿರಿ. ನಯ ಮಾಡುವ ಕಷ್ಟ ಬೇಡ, ಒರಟಾದಷ್ಟೂ ದುರ್ಗದ ಕಲ್ಲೇ.

ಬಂಡೆಗೆ ಮಂಡಕ್ಕಿಗಿಂತ ಒಳ್ಳೆಯ ಸಾಮಾನಿಲ್ಲ. ಕೇಕಿನ ಮೇಲೆ ಭಾರವೂ ಬೀಳದು. ಉಪ್ಪು ಹಾಕದ ಮಂಡಕ್ಕಿ 4 ಕಪ್ (ಸುಮಾರು 60 ಗ್ರಾಂ) ತೆಗೆದುಕೊಂಡು ಬಾಣಲೆಯಲ್ಲಿ ಗರಿಗರಿ ಮಾಡಿ, ಆರಿಸಿ, ಅಂಗೈಯಲ್ಲಿ ಅರೆಬರೆ ಮುರಿಯಿರಿ. ಇಡೀ ಮಂಡಕ್ಕಿ ಹಾಗೇ ಹಾಕಿದರೆ ಬಂಡೆಯ ಬದಲು ಮಂಡಕ್ಕಿ ಉಂಡೆಯೇ ಕಾಣುತ್ತದೆ! ಬಿಳಿ ಚಾಕೊಲೇಟ್ ಕಾಂಪೌಂಡ್ (ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ ಚಾಕೊಲೇಟು) 130 ಗ್ರಾಂ, ಕಪ್ಪು ಕಾಂಪೌಂಡ್ 20 ಗ್ರಾಂ ಒಟ್ಟಿಗೆ ಇಟ್ಟು, ಕುದಿಯುವ ನೀರಿನ ಹಬೆಯ ಮೇಲೆ ಕರಗಿಸಿ. ಈ ಎರಡು ಸೇರಿದಾಗ ಬರುವ ಮಾಸಲು ಕಂದೇ ಬಂಡೆಯ ಬಣ್ಣ. ನೀರಿನ ಬಣ್ಣವಾಗಲಿ ಜೆಲ್ ಬಣ್ಣವಾಗಲಿ ಇದಕ್ಕೆ ಬಿಡಬೇಡಿ. ಕರಗಿದ ಚಾಕೊಲೇಟಿಗೆ ನಾಲ್ಕು ಹನಿ ನೀರು ಬಿದ್ದರೆ ಸಾಕು, ಮುದ್ದೆ ಕಟ್ಟಿ ಕೈಕೊಡುತ್ತದೆ. ಮಂಡಕ್ಕಿ ಬೆರೆಸಿ, ಕೈಗೆ ಎಣ್ಣೆ ಸವರಿಕೊಂಡು, ನಿಂಬೆ ಗಾತ್ರದಿಂದ ಮೂಸಂಬಿ ಗಾತ್ರದ ತನಕ ಸೊಟ್ಟಸೊಟ್ಟ ಗುಡ್ಡೆ ಕಟ್ಟಿ. ಬೆಲ್ಲದ ಪಾಕದಲ್ಲೂ ಕಟ್ಟಬಹುದು, ಆದರೆ ಪಾಕ ಏರಿದರೆ ಮಕ್ಕಳ ಹಲ್ಲಿಗೆ ಕಲ್ಲಾಗುತ್ತದೆ. ಗುಡ್ಡೆಗಳು ಗಟ್ಟಿಯಾದ ಮೇಲೆ, ಕ್ರೀಮಿಗೆ ತಾಗುವ ತಳಕ್ಕೆ ಇನ್ನೊಂದು ಪದರ ಚಾಕೊಲೇಟು ಬಳಿಯಿರಿ. ಇಲ್ಲದಿದ್ದರೆ ಮಂಡಕ್ಕಿ ನೀರು ಕುಡಿದು ಎರಡು ಗಂಟೆಯಲ್ಲಿ ಮೆತ್ತಗಾಗುತ್ತದೆ. ದೊಡ್ಡವೆರಡನ್ನು ಮುಂದುಗಡೆ ಒಂದು ಬೆರಳಿನ ಸಂದು ಬಿಟ್ಟು ನಿಲ್ಲಿಸಿದರೆ ಅದೇ ಓಬವ್ವನ ಕಿಂಡಿ.

ಗೋಡೆಗೆ ಗ್ಲುಕೋಸ್ ಬಿಸ್ಕತ್ತು. ಗರಗಸದ ಹಲ್ಲಿರುವ ಬ್ರೆಡ್ ಚಾಕುವಿನಲ್ಲಿ ಮೆಲ್ಲಗೆ ಕೊಯ್ದು ಅರ್ಧ ಮಾಡಿ. ಒತ್ತಿ ಕತ್ತರಿಸಿದರೆ ಪುಡಿ. ಹಿಂಬದಿಗೆ ಚಾಕೊಲೇಟು ಸವರಿ, ಕೇಕು ಕತ್ತರಿಸುವುದಕ್ಕೆ ಎರಡು ಗಂಟೆ ಮುಂಚೆ ಅಂಟಿಸಿ. ಹಿಂದಿನ ದಿನವೇ ಅಂಟಿಸಿದ ಗೋಡೆ ಮಾರನೆಯ ದಿನ ಮೈಬಗ್ಗಿಸಿ ನಿಂತಿರುತ್ತದೆ.

ಓಬವ್ವನಿಗೆ ಹಾಲಿನಪುಡಿಯ ಹಿಟ್ಟು ಮಾಡಿ, ಜೆಲಟಿನ್ ಗೊಡವೆಯಿಲ್ಲ. ಹಾಲಿನ ಪುಡಿ 1 ಕಪ್, ಐಸಿಂಗ್ ಶುಗರ್ 1 ಕಪ್, ಇವಕ್ಕೆ ಕಂಡೆನ್ಸ್ಡ್ ಮಿಲ್ಕ್ ಒಂದೊಂದೇ ಚಮಚ ಹಾಕುತ್ತ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಐದಾರು ದೊಡ್ಡ ಚಮಚ ಹಿಡಿಯುತ್ತದೆ. ಬಿರುಕು ಬಿಟ್ಟರೆ ಇನ್ನರ್ಧ ಚಮಚ ಕಂಡೆನ್ಸ್ಡ್ ಮಿಲ್ಕ್, ಕೈಗೆ ಅಂಟಿದರೆ ಹಾಲಿನ ಪುಡಿ. ತೆರೆದಿಟ್ಟರೆ ಹತ್ತೇ ನಿಮಿಷದಲ್ಲಿ ಒಣಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ರುಚಿ ಪೇಡೆಯದು, ಹಾಗಾಗಿ ಮಕ್ಕಳು ಫಾಂಡೆಂಟಿನಂತೆ ಉಗುಳುವುದಿಲ್ಲ. ಸೀರೆಗೆ ಒಂದು ಕೊಳವಿ ಆಕಾರ, ತಲೆಗೆ ಒಂದು ಗೋಲಿ, ಹಿಂದೆ ಕೋಕೋ ಬೆರೆಸಿದ ತುರುಬು. ಕಣ್ಣು ಮೂಗು ಬಿಡಿಸಲು ಹೊರಟರೆ ಕೆಡುತ್ತದೆ. ಎತ್ತಿ ಹಿಡಿದ ಒನಕೆಯೊಂದು ಕಂಡರೆ ಯಾರೆಂದು ಯಾರೂ ಕೇಳಬೇಕಿಲ್ಲ. ಒನಕೆಗೆ ಬೇಕರಿಯ ಸೂಪ್ ಸ್ಟಿಕ್ (ಗರಿಗರಿ ಬ್ರೆಡ್ ಕಡ್ಡಿ) ಸಾಕು, ತುದಿಯನ್ನು ಕಪ್ಪು ಚಾಕೊಲೇಟಿನಲ್ಲಿ ಅದ್ದಿ ಕಬ್ಬಿಣದ ಬಳೆ ಮಾಡಿ. ಟೂತ್‌ಪಿಕ್ ಎಲ್ಲೂ ಚುಚ್ಚಬೇಡಿ, ಕತ್ತಲಲ್ಲಿ ಮೇಣದಬತ್ತಿ ಊದಿದ ಮೇಲೆ ಅದು ಯಾರ ಬಾಯಿಗೆ ಹೋಗುತ್ತದೋ ಗೊತ್ತಾಗದು. ಹೈದರಾಲಿಯ ಸೈನಿಕರು ಬೇಡ ಎಂಬುದು ನಮ್ಮ ಅಭಿಪ್ರಾಯ. ಹುಟ್ಟುಹಬ್ಬದ ದಿನ ಹೆಣದ ರಾಶಿ ಯಾಕೆ?

ಪ್ರಶ್ನೆ: ಟ್ರ್ಯಾಕ್ಟರ್ ಕೇಕಿಗೆ ಕೆಂಪು ಬೇಕು. ಎಷ್ಟು ಬಣ್ಣ ಹಾಕಿದರೂ ಗುಲಾಬಿಯೇ ಆಗುತ್ತದೆ, ಹೆಚ್ಚು ಹಾಕಿದರೆ ಕಹಿ. ಬಣ್ಣದ ಕೇಕು ಮಕ್ಕಳಿಗೆ ಒಳ್ಳೆಯದಲ್ಲ ಎಂದೂ ಕೇಳಿದ್ದೇವೆ.
— ಜಗಳೂರು

ಉತ್ತರ: ಕೇಳಿದ್ದು ಸುಳ್ಳಲ್ಲ. 2024ರ ಅಕ್ಟೋಬರಿನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳ 235 ಕೇಕಿನ ಮಾದರಿ ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು. ಮನೆಯಲ್ಲಿ ಮಾಡುವುದರ ಲಾಭವೇ ಬಣ್ಣದ ಲಗಾಮು ನಮ್ಮ ಕೈಯಲ್ಲಿರುವುದು. ಇಡೀ ಕೇಕನ್ನು ಕೆಂಪು ಕ್ರೀಮಿನಲ್ಲಿ ಮುಳುಗಿಸುವ ಬದಲು ಕೇಕನ್ನು ಹೊಲ ಮಾಡಿ. ಕೋಕೋ ಕ್ರೀಮು ಬಳಿದು ಫೋರ್ಕಿನಿಂದ ಉದ್ದಕ್ಕೆ ಗೀರಿದರೆ ಉತ್ತ ಸಾಲು. ಅಂಚಿಗೆ ಹಸಿರು ಕ್ರೀಮಿನ ಮೆಕ್ಕೆಜೋಳದ ಪೈರು. ಕೆಂಪು ಬೇಕಾದ್ದು ಟ್ರ್ಯಾಕ್ಟರಿಗೆ ಮಾತ್ರ, ಅದನ್ನು ಮೇಲೆ ಹೇಳಿದ ಹಾಲಿನಪುಡಿಯ ಹಿಟ್ಟಿನಲ್ಲಿ ಅಂಗೈ ಅಗಲಕ್ಕೆ ಮಾಡಿ. ಗಾಲಿಗೆ ಕ್ರೀಮ್ ಬಿಸ್ಕತ್ತು.

ನೀರಿನಂಥ ಬಣ್ಣ ಬೇಡ, ಪ್ಯಾಕೆಟ್ಟಿನ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತಿರುವ ಜೆಲ್ ಬಣ್ಣ ತನ್ನಿ. ಕಡುಗುಲಾಬಿಗೆ ಬಂದಾಗ ನಿಲ್ಲಿಸಿ, ಮುಚ್ಚಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅದೇ ಒಂದೆರಡು ಛಾಯೆ ಗಾಢವಾಗಿರುತ್ತದೆ. ಕ್ರೀಮಿನ ಹಳದಿಗೆ ಚಿಟಿಕೆ ಅರಿಸಿನ ಸಾಕು. ಸ್ಪಂಜಿಗೆ ಮಾತ್ರ ಅರಿಸಿನ ಹಾಕಬೇಡಿ, ಸೋಡ ತಾಗಿದರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನೀಲಿಗೆ ಹತ್ತು ಶಂಖಪುಷ್ಪ ಎರಡು ಚಮಚ ಬಿಸಿನೀರಿನಲ್ಲಿ ನೆನೆಸಿ, ಆರಿಸಿ, ಹನಿಹನಿಯಾಗಿ ಬಳಸಿ. ನಿಂಬೆರಸ ಬಿದ್ದರೆ ಅದು ನೇರಳೆಯಾಗುತ್ತದೆ, ಅದೂ ಒಂದು ಬಣ್ಣವೇ. ಚಿನ್ನದ ಪುಡಿಯ ಡಬ್ಬಿಯ ಮೇಲೆ 'ಅಲಂಕಾರಕ್ಕೆ ಮಾತ್ರ' ಎಂದಿದ್ದರೆ ಅದು ತಿನ್ನುವ ವಸ್ತುವಲ್ಲ, ಅಂಗಡಿಯವರು ಏನೇ ಹೇಳಲಿ.

ಪ್ರಶ್ನೆ: ದಾವಣಗೆರೆಯಲ್ಲಿ ಕೇಕು ಮಾಡಿ ಚಿತ್ರದುರ್ಗಕ್ಕೆ ಒಯ್ಯಬೇಕು. ಮೂವತ್ತು ಮಕ್ಕಳಿಗೆ ಎಷ್ಟು ಕೆ.ಜಿ. ಬೇಕು?
— ನಿಟುವಳ್ಳಿ

ಉತ್ತರ: ಕೆ.ಜಿ.ಗೆ ಹನ್ನೆರಡು ತುಂಡು ಲೆಕ್ಕ ಹಿಡಿಯಿರಿ. ಮೂವತ್ತಕ್ಕೆ ಎರಡೂವರೆ ಕೆ.ಜಿ. ಆಯಿತು, ಮೂರಿದ್ದರೆ ಕೊರತೆಯಾಗದು. ಮೂರು ಕೆ.ಜಿ.ಯ ಒಂದೇ ಕೇಕು ಒಯ್ಯುವುದು ಫಜೀತಿ. ಥೀಮಿನದು ಒಂದೂವರೆ ಕೆ.ಜಿ. ಮಾಡಿ, ಉಳಿದದ್ದನ್ನು ಅಲಂಕಾರವಿಲ್ಲದೆ ಟಿನ್ನಿನಲ್ಲೇ ಒಯ್ದು ಒಳಗಡೆ ಕತ್ತರಿಸಿ. ಹೆದ್ದಾರಿಯಲ್ಲಿ 60 ಕಿ.ಮೀ. ದಾರಿ, ಅದಕ್ಕೆ ಮೊದಲು ಕೇಕು ನಾಲ್ಕು ಗಂಟೆ ಫ್ರಿಜ್ಜಿನಲ್ಲಿರಬೇಕು. ಎರಡು ಅಂತಸ್ತಿನದಾದರೆ ಕೆಳಗಿನದಕ್ಕೆ ನಾಲ್ಕು ದಪ್ಪ ಸ್ಟ್ರಾ ಅದರ ಎತ್ತರಕ್ಕೆ ಕತ್ತರಿಸಿ ಚುಚ್ಚಿ, ಅವುಗಳ ಮೇಲೆ ತೆಳ್ಳನೆ ರಟ್ಟಿಟ್ಟು ಮೇಲಿನದನ್ನು ಕೂರಿಸಿ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ, ಸೀಟೂ ಬೇಡ, ಎರಡೂ ಇಳಿಜಾರು. ಕಾರಿನ ನೆಲದ ಮೇಲೆ ಒದ್ದೆ ಬಟ್ಟೆ ಹಾಸಿ ಇಡಿ, ಜಾರುವುದಿಲ್ಲ. ಓಬವ್ವ, ಟ್ರ್ಯಾಕ್ಟರು ಇಂಥವೆಲ್ಲ ಬೇರೆ ಡಬ್ಬಿಯಲ್ಲಿ ಬರಲಿ, ಅಲ್ಲಿ ಹೋಗಿ ಕೂರಿಸಿ.

ಪ್ರಶ್ನೆ: ಕೇಕು ಕತ್ತರಿಸುವಾಗ ನೊರೆ ಸ್ಪ್ರೇ ಹೊಡೆಯುತ್ತಾರಲ್ಲ, ಅದು ಕೇಕಿಗೆ ಬಿದ್ದರೆ ತಿನ್ನಬಹುದೇ?
— ಹೊಳಲ್ಕೆರೆ

ಉತ್ತರ: ತಿನ್ನಬಾರದು, ಬಿದ್ದ ಭಾಗ ತೆಗೆದು ಎಸೆಯಿರಿ. ಅದಕ್ಕಿಂತ ಮುಖ್ಯ, ಡಬ್ಬಿಯಿಂದ ನೊರೆ ತಳ್ಳುವುದು ಹೆಚ್ಚಾಗಿ ಬೆಂಕಿ ಹಿಡಿಯುವ ಅನಿಲ. ಉರಿಯುವ ಮೇಣದಬತ್ತಿಯ ಮುಂದೆ ಮಗುವಿನ ಮುಖದ ಮೇಲೆ ಅದನ್ನು ಹೊಡೆದರೆ ಕೂದಲಿಗೂ ಬಟ್ಟೆಗೂ ಕ್ಷಣದಲ್ಲಿ ಬೆಂಕಿ ಹತ್ತುತ್ತದೆ. ಬಂದವರ ಕೈಯಲ್ಲಿ ಡಬ್ಬಿ ಕಂಡರೆ ಬಾಗಿಲಲ್ಲೇ ಇಸಿದುಕೊಳ್ಳಿ.