ಪರ್ಮಾಫ್ರಾಸ್ಟ್ ನೆಲದೊಳಗಿನ ಮಂಜುಗಡ್ಡೆಯನ್ನು ಪ್ರತ್ಯೇಕವಾಗಿ ಏಕೆ ಅಧ್ಯಯನ ಮಾಡುತ್ತಾರೆ?

ಮಣ್ಣಿನಲ್ಲಿದ್ದ ನೀರು ಚಳಿಗೆ ಇದ್ದಲ್ಲೇ ಹೆಪ್ಪುಗಟ್ಟಿರುತ್ತದೆ, ಅದನ್ನು ಬೇರೆಯಾಗಿ ಅಧ್ಯಯನ ಮಾಡುವ ಅಗತ್ಯವೇನು, ನೆಲದ ತಾಪಮಾನವನ್ನು ಅಳೆದರೆ ಸಾಲದೇ ಎಂದು ನೀವು ಕೇಳಿದ್ದೀರಿ. ಇಂಥ ನೆಲದ ಮಾದರಿಗಳನ್ನು ಪ್ರಯೋಗಾಲಯದ ಶೀತಲ ಕೋಣೆಯಲ್ಲಿ ಕತ್ತರಿಸಿ ಪರೀಕ್ಷಿಸುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ನನ್ನ ಉತ್ತರ ನಿಮ್ಮ ಪ್ರಶ್ನೆಯ 'ಇದ್ದಲ್ಲೇ' ಎಂಬ ಪದದಿಂದಲೇ ಆರಂಭವಾಗುತ್ತದೆ. ಬಹಳಷ್ಟು ಕಡೆ ನೀರು ಇದ್ದಲ್ಲೇ ಹೆಪ್ಪುಗಟ್ಟುವುದಿಲ್ಲ.

ಮೊದಲು ವ್ಯಾಖ್ಯಾನವನ್ನು ನೋಡೋಣ. ಕನಿಷ್ಠ 2 ವರ್ಷ ಸತತವಾಗಿ 0 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಉಳಿದ ನೆಲವನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಇದರಲ್ಲಿ ಮಂಜುಗಡ್ಡೆಯ ಮಾತೇ ಇಲ್ಲ. ಒಂದು ಹನಿ ನೀರೂ ಇಲ್ಲದ ಬಂಡೆ ಈ ವ್ಯಾಖ್ಯಾನಕ್ಕೆ ಹೇಗೆ ಹೊಂದುತ್ತದೆಯೋ, ಗಾತ್ರದಲ್ಲಿ ಮುಕ್ಕಾಲು ಪಾಲು ಮಂಜುಗಡ್ಡೆಯೇ ಇರುವ ಸೈಬೀರಿಯಾದ ಹೂಳುಮಣ್ಣೂ ಹಾಗೆಯೇ ಹೊಂದುತ್ತದೆ. ಎರಡರ ತಾಪಮಾನವೂ ಒಂದೇ ಇರಬಹುದು. ಆದರೆ ಕರಗಿದಾಗ ಬಂಡೆ ಬಂಡೆಯಾಗಿಯೇ ನಿಲ್ಲುತ್ತದೆ, ಹೂಳುಮಣ್ಣಿನ ನೆಲ ಮೀಟರುಗಟ್ಟಲೆ ಕುಸಿಯುತ್ತದೆ.

ಇನ್ನು ನೀರು ಚಲಿಸುವ ವಿಷಯ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುವುದರಿಂದಲೇ ಚಳಿಗಾಲದಲ್ಲಿ ನೆಲ ಉಬ್ಬುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಇದನ್ನು ಬಹಳ ಸರಳವಾಗಿ ಪರೀಕ್ಷಿಸಿದರು. ನೀರಿನ ಬದಲು, ಹೆಪ್ಪುಗಟ್ಟುವಾಗ ಕುಗ್ಗುವ ಬೆಂಜೀನಿನಂಥ ದ್ರವದಿಂದ ಮಣ್ಣನ್ನು ನೆನೆಸಿ ತಂಪುಗೊಳಿಸಿದರು. ಆಗಲೂ ಮಣ್ಣು ಉಬ್ಬಿತು. 1930ರಲ್ಲಿ ಪ್ರಕಟವಾದ ಈ ಕೆಲಸ ನನಗೆ ಇಂದಿಗೂ ಅತ್ಯಂತ ಸುಂದರವಾದ ಪ್ರಯೋಗಗಳಲ್ಲಿ ಒಂದಾಗಿ ಕಾಣುತ್ತದೆ, ಏಕೆಂದರೆ ಉಬ್ಬಿಗೆ ಕಾರಣ ಹಿಗ್ಗುವಿಕೆಯಲ್ಲ, ಕೆಳಗಿನಿಂದ ಹೊಸ ದ್ರವ ಬಂದು ಸೇರುವುದು ಎಂಬುದನ್ನು ಅದು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿತು. ಮಣ್ಣಿನ ಕಣಗಳ ಮೈಗೆ ಅಂಟಿದ ನೀರಿನ ತೆಳುವಾದ ಪೊರೆ ಸೊನ್ನೆಯ ಕೆಳಗೂ ಹೆಪ್ಪುಗಟ್ಟದೆ ಉಳಿಯುತ್ತದೆ. ಈ ಪೊರೆಗಳ ಮೂಲಕ ನೀರು ಬೆಚ್ಚನೆಯ ಕಡೆಯಿಂದ ತಣ್ಣನೆಯ ಕಡೆಗೆ ಸೆಳೆಯಲ್ಪಟ್ಟು, ಬೆಳೆಯುತ್ತಿರುವ ಮಂಜುಗಡ್ಡೆಯ ಪದರಕ್ಕೆ ಸೇರಿ, ಮೇಲಿನ ಮಣ್ಣನ್ನು ಎತ್ತುತ್ತದೆ. ಮರಳಿನಲ್ಲಿ ಈ ಸೆಳೆತ ದುರ್ಬಲ. ಜೇಡಿಮಣ್ಣಿನಲ್ಲಿ ಸೆಳೆತ ಬಲವಾಗಿದ್ದರೂ ನೀರು ಹರಿಯುವುದು ನಿಧಾನ. ಇವೆರಡರ ನಡುವಿನ ಹೂಳುಮಣ್ಣೇ ಇದಕ್ಕೆ ಹೇಳಿ ಮಾಡಿಸಿದ್ದು.

ಬೈರಿಗೆಯಿಂದ ಕೊರೆದು ತೆಗೆದ ಅಂಥ ಮಾದರಿಯನ್ನು ಉದ್ದಕ್ಕೆ ಸೀಳಿ, ಮೇಲ್ಮೈಯನ್ನು ಹೆರೆದು ಬೆಳಕಿಗೆ ಹಿಡಿದರೆ, ಬೂದುಬಣ್ಣದ ಮಣ್ಣಿನ ನಡುವೆ ಕೂದಲೆಳೆಯಷ್ಟು ತೆಳುವಾದ ಗೆರೆಗಳಿಂದ ಹಿಡಿದು ಬೆರಳುದಪ್ಪದ ಪದರಗಳವರೆಗೆ ಶುದ್ಧ ಮಂಜುಗಡ್ಡೆ ಕಪ್ಪಗೆ ಹೊಳೆಯುತ್ತದೆ. ಅದರ ಒಂದು ತುಂಡನ್ನು ಗಾಜಿನ ಪಾತ್ರೆಯಲ್ಲಿಟ್ಟು ಕರಗಲು ಬಿಡುತ್ತೇವೆ. ಸ್ವಲ್ಪ ಹೊತ್ತು ಅದು ಕಲ್ಲಿನಂತೆ ನಿಂತಿರುತ್ತದೆ, ಆಮೇಲೆ ಅಂಚುಗಳು ಜಾರತೊಡಗಿ ಇಡೀ ತುಂಡು ಕೆಸರಾಗಿ ಕುಳಿತುಬಿಡುತ್ತದೆ. ಕೆಸರು ತಳಕ್ಕಿಳಿದ ಮೇಲೆ ಅದರ ಮೇಲ್ಗಡೆ ತಿಳಿನೀರು ನಿಂತರೆ, ಆ ನೀರು ಮಣ್ಣಿನ ರಂಧ್ರಗಳಲ್ಲಿ ಹಿಡಿಸಲಾರದಷ್ಟು ಹೆಚ್ಚುವರಿ ಮಂಜುಗಡ್ಡೆಯ ಲೆಕ್ಕ. ಕರಗಿದಾಗ ನೆಲ ಎಷ್ಟು ಇಳಿಯುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಈ ತಿಳಿನೀರಿನ ಎತ್ತರವೇ. 1977ರಲ್ಲಿ ಪೂರ್ಣಗೊಂಡ ಅಲಾಸ್ಕಾದ 1,287 ಕಿಲೋಮೀಟರ್ ಉದ್ದದ ತೈಲ ಕೊಳವೆಮಾರ್ಗದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನೆಲದೊಳಗೆ ಹೂಳದೆ ಕಂಬಗಳ ಮೇಲೆ ಒಯ್ದದ್ದು, ಬಿಸಿ ಎಣ್ಣೆ ಇಂಥ ನೆಲವನ್ನು ಕರಗಿಸೀತು ಎಂಬ ಕಾರಣಕ್ಕೆ.

ಮಂಜುಗಡ್ಡೆಯ ಬೆಣೆಗಳ ಕಥೆ ಬೇರೆ. ತೀವ್ರ ಚಳಿಗೆ ನೆಲ ಕುಗ್ಗಿ ಬಿರುಕುಬಿಡುತ್ತದೆ. ಬಿರುಕಿನ ಅಗಲ ಕೆಲವೇ ಮಿಲಿಮೀಟರ್ ಇದ್ದರೂ ಆಳ ಮೀಟರುಗಳಷ್ಟಿರುತ್ತದೆ. ವಸಂತದಲ್ಲಿ ಹಿಮ ಕರಗಿದ ನೀರು ಒಳಗಿಳಿದು ಹೆಪ್ಪುಗಟ್ಟುತ್ತದೆ, ಮುಂದೊಂದು ಚಳಿಗಾಲದಲ್ಲಿ ನೆಲ ಹೆಚ್ಚಾಗಿ ಅದೇ ಜಾಗದಲ್ಲಿ ಮತ್ತೆ ಬಿರಿಯುತ್ತದೆ. 1906ರಿಂದ 1914ರ ನಡುವೆ ಅಲಾಸ್ಕಾದ ಉತ್ತರ ಕರಾವಳಿಯಲ್ಲಿ ವರ್ಷಗಟ್ಟಲೆ ಉಳಿದು ಸಮೀಕ್ಷೆ ನಡೆಸಿದ ಅರ್ನೆಸ್ಟ್ ಲೆಫಿಂಗ್‌ವೆಲ್ ಈ ಬೆಣೆಗಳು ಹೀಗೆ ಬೆಳೆಯುತ್ತವೆಂದು ವಿವರಿಸಿದರು. ಬೆಣೆಯೊಂದನ್ನು ಅಡ್ಡಲಾಗಿ ಕತ್ತರಿಸಿದರೆ ಗಾಳಿಗುಳ್ಳೆಗಳ ಸಾಲು, ಮಣ್ಣಿನ ಸಣ್ಣ ಗೆರೆ ಹೊತ್ತ ಲಂಬವಾದ ಎಳೆಗಳು ಕಾಣುತ್ತವೆ. ಪ್ರತಿ ವರ್ಷವೂ ಬಿರುಕು ಬಿಡುವುದಿಲ್ಲವಾದ್ದರಿಂದ ಈ ಎಳೆಗಳನ್ನು ಮರದ ಉಂಗುರಗಳಂತೆ ಎಣಿಸಿ ವಯಸ್ಸು ಹೇಳಲಾಗದು.

ಆದರೂ ಬೆಣೆಗಳ ಬೆಲೆ ದೊಡ್ಡದು. ಪರಾಗ, ಮರದ ಉಂಗುರ ಮುಂತಾದವು ಹೆಚ್ಚಾಗಿ ಬೇಸಿಗೆಯ ಹವೆಯನ್ನು ಹೇಳುತ್ತವೆ. ಬೆಣೆಯಲ್ಲಿರುವುದು ಬಹುಪಾಲು ಚಳಿಗಾಲದ ಹಿಮ, ಹಾಗಾಗಿ ಅದರ ಆಮ್ಲಜನಕದ ಐಸೋಟೋಪುಗಳ (ಒಂದೇ ಧಾತುವಿನ, ತೂಕದಲ್ಲಿ ಮಾತ್ರ ಬೇರೆಯಾದ ಪರಮಾಣುಗಳ) ಅನುಪಾತ ಪ್ರಾಚೀನ ಚಳಿಗಾಲದ ಸುಳಿವು ಕೊಡುತ್ತದೆ. ಮೊದಲು ಹೇಳಿದ ಪದರಗಳಲ್ಲಿ ಇದೇ ಅಳತೆಯನ್ನು ನೇರವಾಗಿ ನಂಬಲಾಗದು, ಏಕೆಂದರೆ ನೀರು ನಿಧಾನವಾಗಿ ಹೆಪ್ಪುಗಟ್ಟುವಾಗ ಭಾರದ ಐಸೋಟೋಪುಗಳು ಮೊದಲು ಮಂಜುಗಡ್ಡೆಗೆ ಸೇರಿ ಅನುಪಾತವೇ ಬದಲಾಗುತ್ತಾ ಹೋಗುತ್ತದೆ. ಕೆನಡಾದ ಯೂಕಾನ್ ಪ್ರದೇಶದ ಒಂದು ಬೆಣೆಯ ಮೇಲೆ ಕುಳಿತಿದ್ದ ಜ್ವಾಲಾಮುಖಿ ಬೂದಿಯ ಕಾಲ ಲೆಕ್ಕಹಾಕಿದಾಗ ಆ ಮಂಜುಗಡ್ಡೆ ಸುಮಾರು 7,40,000 ವರ್ಷಗಳಷ್ಟು ಹಳೆಯದೆಂದು 2008ರಲ್ಲಿ ತಿಳಿದುಬಂತು. ನಮ್ಮ ಕಾಲಕ್ಕಿಂತ ಬೆಚ್ಚಗಿದ್ದ ಯುಗಗಳನ್ನೂ ದಾಟಿ ಅದು ಕರಗದೆ ಉಳಿದಿತ್ತು.

ತಾಪಮಾನ ಸಾಲದು ಎನ್ನಲು ಇನ್ನೂ ಒಂದು ಕಾರಣವಿದೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ಒಂದು ಕಿಲೋ ಮಂಜುಗಡ್ಡೆ ಕರಗಲು ಬೇಕಾದ ಶಾಖ, ಅಷ್ಟೇ ನೀರನ್ನು ಸುಮಾರು 80 ಡಿಗ್ರಿ ಬಿಸಿ ಮಾಡಲು ಸಾಕು. ಆದ್ದರಿಂದ ಮಂಜುಗಡ್ಡೆ ಹೇರಳವಾಗಿರುವ ನೆಲ ಸೊನ್ನೆಯ ಹತ್ತಿರ ಬಂದಾಗ, ಒಳಬರುವ ಶಾಖವೆಲ್ಲ ಕರಗುವುದಕ್ಕೇ ವ್ಯಯವಾಗಿ ತಾಪಮಾನ ವರ್ಷಗಟ್ಟಲೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಬದಲಾವಣೆ ಅತಿ ಜೋರಾಗಿರುವಾಗಲೇ ತಾಪಮಾಪಕ ಏನೂ ಆಗುತ್ತಿಲ್ಲವೆಂಬಂತೆ ತೋರಿಸುತ್ತದೆ. ಮೇಲಿನಿಂದಲೇ ವಿದ್ಯುತ್ ಹರಿಸಿ ನೆಲದ ನಿರೋಧವನ್ನು ಅಳೆಯುವ ವಿಧಾನವಿದೆ, ಮಂಜುಗಡ್ಡೆಯ ನಿರೋಧ ಹೆಚ್ಚು. ಆದರೆ ಗಟ್ಟಿ ಬಂಡೆಯ ನಿರೋಧವೂ ಹೆಚ್ಚೇ ಆದ್ದರಿಂದ, ಕೊನೆಗೆ ಎಲ್ಲಾದರೂ ಕೊರೆದು ಮಾದರಿ ತೆಗೆಯಲೇಬೇಕಾಗುತ್ತದೆ. ಹೀಗಾಗಿ ಕೊರೆದ ರಂಧ್ರದಲ್ಲಿ ತಾಪಮಾಪಕಗಳ ಸರವನ್ನು ಇಳಿಬಿಡುವುದರ ಜೊತೆಗೆ, ಅಲ್ಲಿಂದ ಬಂದ ಮಾದರಿಯಲ್ಲಿ ಮಂಜುಗಡ್ಡೆ ಎಷ್ಟಿದೆ, ಯಾವ ರೂಪದಲ್ಲಿದೆ ಎಂದು ದಾಖಲಿಸಿ, ಸುತ್ತಲಿನ ನೆಲದ ಮಟ್ಟವನ್ನೂ ಬೇಸಿಗೆಯಿಂದ ಬೇಸಿಗೆಗೆ ಅಳೆಯುತ್ತಾ ಹೋಗಬೇಕು.