ಧೈರ್ಯ ಬಂದ ಮೇಲೆ ಹೊರಡುತ್ತೇನೆ ಅಂತ ಕಾಯಬೇಡಿ

ನಿಮ್ಮ ಪ್ರಶ್ನೆ ಇಷ್ಟು: ವರ್ಷಗಳಿಂದ ಒಂದೇ ಕೆಲಸದಲ್ಲಿದ್ದೀರಿ, ಬೇರೆ ಏನಾದರೂ ಮಾಡಬೇಕು ಅನ್ನುವ ಆಸೆ ಇದೆ, ಆದರೆ ಇನ್ನೇನು ಹೆಜ್ಜೆ ಇಡಬೇಕು ಅನ್ನುವಾಗ ಹಿಂದೇಟು ಹಾಕುತ್ತೀರಿ. ರಿಸ್ಕ್ ತೆಗೆದುಕೊಳ್ಳುವವರಿಗೆ ಅಷ್ಟು ಧೈರ್ಯ ಎಲ್ಲಿಂದ ಬರುತ್ತದೆ, ಅವರಿಗೆ ಭಯವೇ ಆಗುವುದಿಲ್ಲವಾ ಅಂತ ಕೇಳಿದ್ದೀರಿ.

ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ನಾನು ಲೆಕ್ಕಪತ್ರದ ಕೆಲಸ ಬಿಟ್ಟು ಪಾಠ ಹೇಳುವ ಕೆಲಸಕ್ಕೆ ಬಂದವನು. ಮೊದಲ ತರಗತಿಯಲ್ಲಿ ಬಾಯಿ ಒಣಗಿತ್ತು. ಕೈಯಲ್ಲಿದ್ದ ಹಾಳೆ ನಡುಗುತ್ತಿತ್ತು, ಯಾರಿಗೂ ಕಾಣದಿರಲಿ ಅಂತ ಮೇಜಿನ ಮೇಲಿಟ್ಟು ಓದಿದೆ. ಧೈರ್ಯ ತಂದುಕೊಂಡು ಒಳಗೆ ಹೋಗಿರಲಿಲ್ಲ. ಹೋದೆ, ಮತ್ತೆ ಹೋದೆ, ಹೋಗುತ್ತಲೇ ಇದ್ದೆ. ಯಾವಾಗಲೋ ಒಂದು ದಿನ ಹಾಳೆ ನಡುಗುತ್ತಿಲ್ಲ ಅನ್ನುವುದು ಗಮನಕ್ಕೆ ಬಂತು. ಅನೇಕರು ಇದನ್ನು ತಿರುಗುಮುರುಗಾಗಿ ನೋಡುತ್ತಾರೆ. ಮೊದಲು ಧೈರ್ಯ, ಆಮೇಲೆ ಕೆಲಸ ಅಂದುಕೊಂಡು ಕಾಯುತ್ತಾ ಕೂರುತ್ತಾರೆ. ಕಾದಷ್ಟೂ ಅದು ದೂರ ಹೋಗುತ್ತದೆ.

ಯಾಕೆ ದೂರ ಹೋಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಂದೇಟು ಹಾಕುವ ಆ ಗಳಿಗೆಯನ್ನೇ ಹತ್ತಿರದಿಂದ ನೋಡಿ. ಅರ್ಜಿ ತುಂಬಿ ಆಗಿದೆ. ಬಟನ್ ಒತ್ತುವುದಷ್ಟೇ ಬಾಕಿ. ಎದೆ ಡವಡವ ಅನ್ನುತ್ತದೆ. "ಇವತ್ತು ಬೇಡ, ಭಾನುವಾರ ಆರಾಮವಾಗಿ ಕೂತು ಇನ್ನೊಮ್ಮೆ ನೋಡಿ ಕಳಿಸೋಣ" ಅಂತ ಲ್ಯಾಪ್‌ಟಾಪ್ ಮುಚ್ಚುತ್ತೀರಿ. ಮುಚ್ಚಿದ ಕೂಡಲೇ ಏನಾಗುತ್ತದೆ ಗಮನಿಸಿದ್ದೀರಾ? ಬಿಗಿಯಾಗಿದ್ದ ಭುಜ ಸಡಿಲವಾಗುತ್ತದೆ, ದೊಡ್ಡ ಉಸಿರೊಂದು ಹೊರಬರುತ್ತದೆ, ಅಬ್ಬಾ ಅನ್ನಿಸುತ್ತದೆ. ಭಯವನ್ನು ಬೆಳೆಸುವುದು ಆ ಸಮಾಧಾನವೇ. ದೂರ ಸರಿದರೆ ಹಾಯೆನಿಸುತ್ತದೆ ಅಂತ ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಬೇಗ ಸರಿಯುತ್ತದೆ. ಮೊದಮೊದಲು ಬಟನ್ ಹತ್ತಿರ ಬಂದು ನಿಲ್ಲುತ್ತಿದ್ದವರು ಆಮೇಲೆ ಅರ್ಜಿ ತೆರೆಯುವುದನ್ನೇ ಬಿಡುತ್ತಾರೆ. ಕೊನೆಗೆ ಯಾರಾದರೂ ಆ ವಿಷಯ ಎತ್ತಿದರೂ ಸಾಕು, ಮಾತು ಬದಲಿಸುತ್ತಾರೆ. ಇಷ್ಟರಲ್ಲಿ ಕೆಟ್ಟದ್ದೇನೂ ನಡೆದಿರುವುದಿಲ್ಲ. ಆದರೂ ಭಯ ಮೊದಲಿಗಿಂತ ಜಾಸ್ತಿಯಾಗಿರುತ್ತದೆ. ಹೆದರಿದ್ದು ಎಷ್ಟು ನಿಜ ಅಂತ ಪರೀಕ್ಷೆ ಮಾಡುವ ಅವಕಾಶವೇ ಅದಕ್ಕೆ ಸಿಕ್ಕಿರುವುದಿಲ್ಲ ನೋಡಿ.

ಇದನ್ನು ಬಿಡಿಸಿಕೊಳ್ಳುವ ದಾರಿ ಹೊಸದೇನೂ ಅಲ್ಲ, ನೂರು ವರ್ಷ ಹಳೆಯದು. 1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನುವ ಮನೋವಿಜ್ಞಾನಿ ಪೀಟರ್ ಅನ್ನುವ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಮೂರು ವರ್ಷವೂ ತುಂಬಿರಲಿಲ್ಲ. ಮೊಲ ಕಂಡರೆ ಭಯ. ಮೊಲ ಮಾತ್ರವಲ್ಲ, ತುಪ್ಪಳದ ಕೋಟು, ಹತ್ತಿ, ಗರಿ ಕಂಡರೂ ಭಯ. ಜೋನ್ಸ್ ಅವನಿಗೆ ಬುದ್ಧಿ ಹೇಳಲು ಹೋಗಲಿಲ್ಲ, ಮೊಲವನ್ನು ತಂದು ಮಡಿಲಿಗೆ ಹಾಕಲೂ ಇಲ್ಲ. ಅವನು ಇಷ್ಟದ ತಿಂಡಿ ತಿನ್ನುತ್ತಾ ಕೂತಿದ್ದಾಗ ಪಂಜರದಲ್ಲಿದ್ದ ಮೊಲವನ್ನು ಸಾಕಷ್ಟು ದೂರದಲ್ಲಿ ಇಡುತ್ತಿದ್ದರು. ಅವನು ಅಳದೆ ತಿನ್ನುತ್ತಿದ್ದಾನೆ ಅಂದರೆ ಸ್ವಲ್ಪ ಹತ್ತಿರ. ಇನ್ನೂ ಸ್ವಲ್ಪ ಹತ್ತಿರ. ಆಮೇಲೆ ಪಂಜರದ ಹೊರಗೆ. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಅವನ ಜೊತೆ ಆಡಲು ಬಿಟ್ಟರು. ಕೊನೆಗೆ ಮೊಲ ತನ್ನ ಬೆರಳನ್ನು ಮೆಲ್ಲಗೆ ಕಚ್ಚುತ್ತಿದ್ದರೂ ಅವನು ಸುಮ್ಮನೆ ಇದ್ದ.

ಈ ಕಥೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ ಮಧ್ಯದಲ್ಲಿದೆ. ಪೀಟರ್‌ಗೆ ಜ್ವರ ಬಂದು ಆಸ್ಪತ್ರೆ ಸೇರಬೇಕಾಯಿತು. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಅವನ ಮೇಲೆ ನುಗ್ಗಿತು. ಅಲ್ಲಿಯವರೆಗೆ ಕಡಿಮೆಯಾಗಿದ್ದ ಭಯವೆಲ್ಲ ವಾಪಸ್ ಬಂತು. ಮತ್ತೆ ದೂರದಿಂದ ಶುರು ಮಾಡಿದರು, ಆದರೂ ಕೊನೆ ಮುಟ್ಟಿದರು. ನಿಮ್ಮ ದಾರಿಯಲ್ಲೂ ಇಂಥ ನಾಯಿ ಬರುತ್ತದೆ. ಒಂದು ಸಂದರ್ಶನ ಕೆಟ್ಟದಾಗಿ ಹೋಗಬಹುದು, ಯಾರೋ ನಿಮ್ಮ ಕೆಲಸ ನೋಡಿ ಮುಖಕ್ಕೆ ಹೊಡೆದ ಹಾಗೆ ಮಾತಾಡಬಹುದು. ಆಗ "ನನ್ನ ಕೈಲಿ ಇದಾಗಲ್ಲ" ಅಂತ ತೀರ್ಮಾನಿಸಬೇಡಿ. ಒಂದೆರಡು ಹೆಜ್ಜೆ ಹಿಂದಕ್ಕೆ ಬಂದು, ಭಯ ಇಲ್ಲದೆ ಮಾಡಬಲ್ಲ ಜಾಗದಿಂದ ಮತ್ತೆ ಶುರು ಮಾಡಿ.

ಹಾಗಾದರೆ ನಿಮ್ಮ ದೂರದ ಪಂಜರ ಯಾವುದು? ನೌಕರಿ ಬಿಡುವುದು ಖಂಡಿತ ಅಲ್ಲ, ಅದು ಕೊನೆಯ ಹೆಜ್ಜೆ. ನೀವು ಹೋಗಬೇಕು ಅಂದುಕೊಂಡಿರುವ ಕೆಲಸದಲ್ಲಿ ಈಗಾಗಲೇ ಇರುವ ಒಬ್ಬರಿಗೆ ಎರಡು ಸಾಲು ಬರೆದು, ಅವರ ದಿನ ಹೇಗಿರುತ್ತದೆ ಅಂತ ಕೇಳುವುದು ಮೊದಲನೆಯದಾಗಬಹುದು. ಅವರಿಂದ ಉತ್ತರ ಬಾರದೆಯೂ ಇರಬಹುದು, ಪರವಾಗಿಲ್ಲ, ಇನ್ನೊಬ್ಬರಿಗೆ ಬರೆಯಿರಿ. ಆಮೇಲೆ ಆ ಕೆಲಸದ ಒಂದು ತುಣುಕನ್ನು ರಜೆಯ ದಿನ ಮಾಡಿ ನೋಡಿ. ಅದನ್ನು ನಿಮ್ಮ ಗುರುತಿಲ್ಲದ ಒಬ್ಬರಿಗೆ ತೋರಿಸಿ. ಆಪ್ತರಿಗೆ ತೋರಿಸಿದರೆ ಸಾಲದು, ಅವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಎದೆ ಬಡಿದುಕೊಳ್ಳಬೇಕು. ಏನೂ ಅನ್ನಿಸದಿದ್ದರೆ ಹೆಜ್ಜೆ ತೀರಾ ಚಿಕ್ಕದು. ರಾತ್ರಿ ನಿದ್ದೆ ಬಾರದಿದ್ದರೆ ತೀರಾ ದೊಡ್ಡದು, ಒಡೆದು ಎರಡು ಮಾಡಿ. ಇನ್ನೊಂದು ಮಾತು, ಎದೆ ಬಡಿದುಕೊಳ್ಳುತ್ತಿರುವಾಗ ಲ್ಯಾಪ್‌ಟಾಪ್ ಮುಚ್ಚಬೇಡಿ. ಬಟನ್ ಒತ್ತಿ, ಆಮೇಲೆ ಎದ್ದು ಓಡಾಡಿ. ಬಡಿತ ತಾನಾಗಿ ಇಳಿಯುತ್ತದೆ. ಆ ಇಳಿತ ನೀವು ಮಾಡಿದ ಮೇಲೆ ಬರಬೇಕು, ಬಿಟ್ಟ ಮೇಲಲ್ಲ.

ಇನ್ನು ನಷ್ಟದ ವಿಚಾರ. ನಾಣ್ಯ ಚಿಮ್ಮೋಣ, ಸೋತರೆ ನೀವು 100 ಕೊಡಬೇಕು, ಗೆದ್ದರೆ ನಿಮಗೆ 150 ಸಿಗುತ್ತದೆ ಅಂದರೆ ಹೆಚ್ಚಿನವರು ಬೇಡ ಅನ್ನುತ್ತಾರೆ. ಲೆಕ್ಕದಲ್ಲಿ ಲಾಭದ ಆಟವೇ, ಆದರೂ ಬೇಡ. ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಇದಕ್ಕೆ ಕಾರಣ ಹೇಳಿದ್ದಾರೆ: ಕಳೆದುಕೊಳ್ಳುವ ನೋವು ಅಷ್ಟೇ ಮೊತ್ತ ಗಳಿಸುವ ಖುಷಿಗಿಂತ ಜಾಸ್ತಿ ತೂಗುತ್ತದೆ. ಮುಂದೆ ಅವರೇ ಲೆಕ್ಕ ಹಾಕಿದಾಗ ಅದು ಸುಮಾರು ಎರಡು ಪಟ್ಟು ಅಂತ ಕಂಡಿತು. ನಿಮ್ಮ ತಲೆಯಲ್ಲೂ ಇದೇ ತಕ್ಕಡಿ ಇದೆ. ಹೊಸ ಕೆಲಸದಿಂದ ಏನು ಹೋಗಬಹುದು ಅನ್ನುವುದು ದೊಡ್ಡದಾಗಿ ಕಾಣುತ್ತದೆ. ಈಗಿನ ಜಾಗದಲ್ಲೇ ಇನ್ನೂ ಹತ್ತು ವರ್ಷ ಕೂತರೆ ಏನು ಹೋಗುತ್ತದೆ ಅನ್ನುವುದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದ್ದರಿಂದ ಎರಡನ್ನೂ ಬರೆದಿಡಿ. ಹೋದರೆ ಏನು ಕಳೆದುಕೊಳ್ಳುತ್ತೀರಿ, ಇದ್ದರೆ ಏನು ಕಳೆದುಕೊಳ್ಳುತ್ತೀರಿ. ಎರಡನೆಯ ಪಟ್ಟಿ ಬರೆಯುವುದು ಕಷ್ಟ, ಅದಕ್ಕೆ ಹೆಚ್ಚು ಹೊತ್ತು ಕೊಡಿ.

ಹೀಗಂದ ಮಾತ್ರಕ್ಕೆ ಕಣ್ಣು ಮುಚ್ಚಿ ಧುಮುಕಿ ಅಂತ ಹೇಳುತ್ತಿಲ್ಲ. "ಎಲ್ಲ ಬಿಟ್ಟು ಬಂದೆ, ಗೆದ್ದೆ" ಅನ್ನುವವರ ಮಾತು ಕೇಳಿ ನನಗೆ ಕಳವಳ ಆಗುತ್ತದೆ. ಹಾಗೆಯೇ ಬಿಟ್ಟು ಬಂದು ಮುಳುಗಿದವರನ್ನು ವೇದಿಕೆಗೆ ಯಾರೂ ಕರೆಯುವುದಿಲ್ಲವಲ್ಲ. ಜೋಸೆಫ್ ರಾಫಿ ಮತ್ತು ಜಿಯೆ ಫೆಂಗ್ 2014ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದಿದೆ. ನೌಕರಿಯಲ್ಲಿದ್ದುಕೊಂಡೇ ಸ್ವಂತ ಉದ್ಯಮ ಶುರು ಮಾಡಿ, ಆಮೇಲೆ ಪೂರ್ತಿಯಾಗಿ ಅದಕ್ಕೆ ಇಳಿದವರು ಮುಂದೆ ಅದನ್ನು ಕೈಬಿಡುವ ಸಾಧ್ಯತೆ, ಒಮ್ಮೆಗೇ ನೌಕರಿ ಬಿಟ್ಟು ಇಳಿದವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು. ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡರೆ ಹೇಡಿತನ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ನಾನೂ ಮೊದಲು ಸಂಜೆ ಹೊತ್ತು ಪಾಠ ಹೇಳುತ್ತಿದ್ದೆ, ಹಗಲು ಲೆಕ್ಕ ಬರೆಯುತ್ತಿದ್ದೆ. ಸಂಜೆಯ ಕೆಲಸ ನನ್ನನ್ನು ಸಾಕುತ್ತದೆ ಅಂತ ಖಾತ್ರಿಯಾದ ಮೇಲೆ ಹಗಲಿನದನ್ನು ಬಿಟ್ಟೆ.

ಯಾವ ರಿಸ್ಕ್ ತೆಗೆದುಕೊಳ್ಳಬಹುದು, ಯಾವುದು ಬೇಡ ಅನ್ನುವುದಕ್ಕೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಕೈಕೊಟ್ಟರೆ ಮತ್ತೆ ಎದ್ದು ನಿಲ್ಲಬಲ್ಲೆನಾ? ಒಂದು ವರ್ಷ ಹಾಳಾಯಿತು, ಸ್ವಲ್ಪ ಅವಮಾನ ಆಯಿತು ಅಂದರೆ ನಿಲ್ಲಬಹುದು. ಮನೆಯವರ ಔಷಧಿಗೆ ಇಟ್ಟಿದ್ದ ಹಣ ಹೋಯಿತು, ತೀರಿಸಲಾಗದ ಸಾಲ ಆಯಿತು ಅಂದರೆ ನಿಲ್ಲುವುದು ಕಷ್ಟ. ಮೊದಲನೆಯದಕ್ಕೆ ಹೆಚ್ಚು ಮೀನಮೇಷ ಎಣಿಸಬೇಡಿ. ಎರಡನೆಯದಕ್ಕೆ ಎಷ್ಟೇ ಹುರುಪು ಇದ್ದರೂ ಕೈ ಹಾಕಬೇಡಿ. ಮನೆಯವರ ಜವಾಬ್ದಾರಿ ಹೊತ್ತವರಿಗೆ ಭಯ ಜಾಸ್ತಿ ಇರುವುದು ಸಹಜ. ಅದನ್ನು ಪುಕ್ಕಲುತನ ಅಂತ ಕರೆಯುವುದು ಅನ್ಯಾಯ.

ಹೆಜ್ಜೆ ಇಡುವ ಮುಂಚೆ ಮಾಡಬಹುದಾದ ಒಂದು ಕೆಲಸವನ್ನು ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಹೇಳಿಕೊಟ್ಟಿದ್ದಾರೆ. ಈ ಯೋಜನೆ ಆಗಲೇ ಮುಗ್ಗರಿಸಿಬಿಟ್ಟಿದೆ ಅಂದುಕೊಂಡು, ಯಾಕೆ ಹೀಗಾಯಿತು ಅನ್ನುವುದಕ್ಕೆ ಕಾರಣ ಬರೆಯುತ್ತಾ ಹೋಗುವುದು. ಏನೋ ಆಗಿಬಿಡುತ್ತೆ ಅನ್ನುವ ಆ 'ಏನೋ'ಗೆ ಆಗ ಹೆಸರು ಬರುತ್ತದೆ. ಹೆಸರು ಬಂದದ್ದರಲ್ಲಿ ಅರ್ಧಕ್ಕಾದರೂ ಮೊದಲೇ ಏನಾದರೂ ಮಾಡಬಹುದು.

ಕೊನೆಗೆ, ನೀವು ಎಷ್ಟು ದಿನದಿಂದ ತೂಗಿ ನೋಡುತ್ತಿದ್ದೀರಿ ಅನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್, ನಿರ್ಧಾರ ಮಾಡಲಾಗದೆ ಒದ್ದಾಡುತ್ತಿದ್ದವರು ಅಂತರಜಾಲದಲ್ಲಿ ನಾಣ್ಯ ಚಿಮ್ಮಿ ನೋಡುವ ಏರ್ಪಾಡು ಮಾಡಿದ್ದರು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ಬದಲಾಯಿಸು ಅಂತ ಬಿದ್ದವರಲ್ಲಿ ಬದಲಾವಣೆಗೆ ಇಳಿದವರು ಹೆಚ್ಚು. ನೌಕರಿ ಬಿಡುವುದರಂಥ ದೊಡ್ಡ ವಿಷಯಗಳಲ್ಲಿ ಹಾಗೆ ಬದಲಾಯಿಸಿದವರು, ಇದ್ದಲ್ಲೇ ಉಳಿದವರಿಗಿಂತ ಆರು ತಿಂಗಳ ನಂತರ ಹೆಚ್ಚು ಖುಷಿಯಾಗಿದ್ದರು. ಎಲ್ಲರೂ ಎಲ್ಲವನ್ನೂ ಬದಲಾಯಿಸಬೇಕು ಅಂತ ಇದರ ಅರ್ಥ ಅಲ್ಲ. ನಾಣ್ಯ ಚಿಮ್ಮುವ ಮಟ್ಟಿಗೆ ಮನಸ್ಸು ಸಮಸಮ ಆಗಿದ್ದವರ ಲೆಕ್ಕ ಅದು. ನಿಮ್ಮ ಪ್ರಶ್ನೆ ಓದಿದರೆ ನೀವೂ ಅದೇ ಜಾಗದಲ್ಲಿ ಇದ್ದ ಹಾಗಿದೆ.

ಒಂದು ವೇಳೆ ರಜೆಯ ದಿನಗಳಲ್ಲಿ ಆ ಹೊಸ ಕೆಲಸ ಮಾಡಿ ನೋಡಿ, ಅದು ನೀವಂದುಕೊಂಡ ಹಾಗಿಲ್ಲ, ಬೇಸರ ಬರುತ್ತಿದೆ ಅನ್ನಿಸಿದರೆ ಈಗಿರುವ ಕಡೆಯೇ ಇರಿ. ಸಂಕೋಚ ಬೇಡ, ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಹೆದರಿ ಉಳಿಯುವುದು ಬೇರೆ, ಮಾಡಿ ನೋಡಿ ಉಳಿಯುವುದು ಬೇರೆ. ಇಷ್ಟವಾಯಿತು ಅನ್ನಿಸಿದರೆ, ಯಾವ ಹೆಜ್ಜೆಯಲ್ಲಿ ಸಿಕ್ಕಿಕೊಂಡಿದ್ದೀರಿ ಅಂತ ಇಲ್ಲೇ ಬರೆಯಿರಿ. ಗೊತ್ತಿರುವಷ್ಟು ಖಂಡಿತ ಹೇಳುತ್ತೇನೆ.