ಹೊರಗಿನ ಕಸಕ್ಕೆ ಬೋರ್ಡು ಹಾಕಿದರೆ ಸಾಕೇ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಪ್ರಶ್ನೆ. ಕೈಬರಹ ಬೇರೆ ಬೇರೆ, ಸಿಟ್ಟು ಒಂದೇ. ಹಿಂದೆ ಎರಡು ಸಲ ಚುಟುಕಾಗಿ ಉತ್ತರಿಸಿದ್ದೆ, ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ. ಹಾಗಾಗಿ ಇವತ್ತು ಅದಕ್ಕೇ ಜಾಗ. ಹಸಿ ಕಸ, ಒಣ ಕಸ ಬೇರೆ ಮಾಡುವ ಪಾಠ ಕೇಳಿದವರು ಮನೆಯ ಮಕ್ಕಳನ್ನು ಕೇಳಿ, ಅವರಿಗೆ ಗೊತ್ತಿದೆ.

ಪ್ರಶ್ನೆ: ನಮ್ಮೂರ ಪಕ್ಕದ ಹಳೇ ಜಂಬಿಟ್ಟಿಗೆ ಕ್ವಾರಿಗೆ ಹೊರಜಿಲ್ಲೆಯ ಕಸ ತಂದು ಸುರಿಯುತ್ತಾರೆಂಬ ಸುದ್ದಿ ಇದೆ. ‘ಹೊರಗಿನ ಕಸಕ್ಕೆ ಪ್ರವೇಶವಿಲ್ಲ’ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಬೋರ್ಡು ನೆಟ್ಟರೆ ಸಾಕೇ? ಅಮೆರಿಕದಲ್ಲಿ ರಾಜ್ಯಗಳೇ ಹೀಗೆ ತಡೆದಿವೆಯಂತಲ್ಲ? (ಹೊಸನಗರ ತಾಲ್ಲೂಕಿನ ಓದುಗರು)

ಅಮೆರಿಕದ ಕಥೆ ನಿಮಗೆ ಹೇಳಿದವರು ಅರ್ಧ ಹೇಳಿದ್ದಾರೆ. ರಾಜ್ಯಗಳು ತಡೆಯಲು ಹೊರಟದ್ದು ನಿಜ. ಕೋರ್ಟಿನಲ್ಲಿ ಸೋತದ್ದೂ ನಿಜ. ಫಿಲಡೆಲ್ಫಿಯಾ ನಗರದ ಕಸ ಪಕ್ಕದ ನ್ಯೂಜೆರ್ಸಿಯ ಗುಂಡಿಗಳಿಗೆ ಹೋಗುತ್ತಿತ್ತು. ‘ನಮ್ಮ ಗುಂಡಿ ತುಂಬುತ್ತಿದೆ, ಹೊರಗಿನದು ಬೇಡ’ ಎಂದು ನ್ಯೂಜೆರ್ಸಿ ಕಾನೂನು ಮಾಡಿತು. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಸವೂ ವ್ಯಾಪಾರದ ಸರಕು. ಹೊರಗಿಂದ ಬಂದ ಕಸ ನಿಮ್ಮ ಕಸಕ್ಕಿಂತ ಹೆಚ್ಚು ಕೆಟ್ಟದ್ದೇನಲ್ಲ, ಊರು ನೋಡಿ ಭೇದ ಮಾಡುವಂತಿಲ್ಲ ಎಂಬುದು ಅದರ ವಾದದ ಸಾರ. ಆಮೇಲೆ ಮಿಷಿಗನ್ನಿನವರು ಜಿಲ್ಲಾಮಟ್ಟದಲ್ಲಿ ತಡೆದು ನೋಡಿದರು. 1992ರಲ್ಲಿ ಅದೂ ಬಿತ್ತು. ಆರೆಗಾನ್ ಇನ್ನೂ ಜಾಣತನ ಮಾಡಿತು. ನಿಷೇಧ ಬಿಟ್ಟು ಶುಲ್ಕ ಹಾಕಿತು: ಒಳಗಿನ ಕಸಕ್ಕೆ ಟನ್ನಿಗೆ 85 ಸೆಂಟ್, ಹೊರಗಿನದಕ್ಕೆ 2 ಡಾಲರ್ 25 ಸೆಂಟ್. 1994ರಲ್ಲಿ ಅದಕ್ಕೂ ಅದೇ ಗತಿ.

ಹಾಗಾದರೆ ಅಲ್ಲಿ ನಿಂತದ್ದು ಯಾವುದು? ಗುಂಡಿ ಸರ್ಕಾರದ್ದೇ ಆಗಿದ್ದಲ್ಲಿ, ಸರ್ಕಾರ ಆಳುವವನಾಗಿ ಅಲ್ಲ, ಮಾಲೀಕನಾಗಿ ‘ನನ್ನ ಗುಂಡಿಗೆ ಇಷ್ಟೇ, ಇಂಥದ್ದೇ’ ಎಂದು ಹೇಳುವ ದಾರಿ. ಮೇನ್ ರಾಜ್ಯ ಹಾಗೇ ಮಾಡಿತು, ರಾಜ್ಯದ ಒಡೆತನದ ಗುಂಡಿಗೆ ರಾಜ್ಯದ ಕಸ ಮಾತ್ರ ಎಂದಿತು. ಆದರೆ ಹೊರರಾಜ್ಯದ ಕಸ ಮೇನ್ ಒಳಗಿನ ಘಟಕವೊಂದರಲ್ಲಿ ಇಳಿದು, ಅಲ್ಲಿ ಜರಡಿ ಹಿಡಿಸಿಕೊಂಡು ಹೊರಬಿದ್ದರೆ ‘ಮೇನ್ ಕಸ’ ಎಂದೇ ಲೆಕ್ಕವಾಗುತ್ತಿತ್ತು. ನಮ್ಮ ಮರಳು ಲಾರಿಗಳ ಪರ್ಮಿಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸಂದು ಮುಚ್ಚಲು 2022ರವರೆಗೆ ಕಾಯಬೇಕಾಯಿತು.

ಈಗ ನಮ್ಮಲ್ಲಿಗೆ. ಸಂವಿಧಾನದ 301ನೇ ವಿಧಿ ದೇಶದೊಳಗೆ ವ್ಯಾಪಾರಕ್ಕೆ ಅಡ್ಡಗೋಡೆ ಬೇಡ ಎನ್ನುತ್ತದೆ. 304ರಲ್ಲಿ ಸಾರ್ವಜನಿಕ ಹಿತಕ್ಕಾಗಿ ನಿರ್ಬಂಧ ಹಾಕುವ ಕಿಂಡಿ ಇದೆ, ಆದರೆ ಆ ಕಿಂಡಿಯ ಕೀಲಿ ಇರುವುದು ರಾಜ್ಯದ ಶಾಸನಸಭೆಯ ಕೈಯಲ್ಲಿ, ಗ್ರಾಮಸಭೆಯ ಕೈಯಲ್ಲಲ್ಲ. ನಿಮ್ಮದಂತೂ ಒಂದೇ ರಾಜ್ಯದ ಎರಡು ಜಿಲ್ಲೆಗಳ ವಿಷಯ. ಅಪಾಯಕಾರಿ ತ್ಯಾಜ್ಯವಾದರೆ ಬೇರೆ: 2016ರ ನಿಯಮದಲ್ಲಿ ಅದನ್ನು ವಿಲೇವಾರಿಗೆಂದು ರಾಜ್ಯದ ಗಡಿ ದಾಟಿಸಲು ಎರಡೂ ಕಡೆಯ ಮಾಲಿನ್ಯ ನಿಯಂತ್ರಣ ಮಂಡಳಿಗಳ ಒಪ್ಪಿಗೆ ಬೇಕು. ಆಸ್ಪತ್ರೆ ಕಸಕ್ಕೂ ಬೇರೆ ನಿಯಮವಿದೆ. 2024ರ ಡಿಸೆಂಬರಿನಲ್ಲಿ ಕೇರಳದ ಆಸ್ಪತ್ರೆ ಕಸ ತಿರುನೆಲ್ವೇಲಿಯಲ್ಲಿ ಸಿಕ್ಕಾಗ ಹಸಿರು ನ್ಯಾಯಮಂಡಳಿ ಆದೇಶಿಸಿ ಕೇರಳವೇ ಲಾರಿ ತಂದು ವಾಪಸ್ ಒಯ್ಯುವಂತೆ ಮಾಡಿತು. ಅಲ್ಲಿ ಗೆದ್ದದ್ದು ‘ಹೊರಗಿನದು’ ಎಂಬ ಮಾತಲ್ಲ, ‘ಇಂಥ ಕಸ ಇಂಥ ಕಡೆ ಸುರಿಯುವಂತಿಲ್ಲ’ ಎಂಬ ಮಾತು.

ನೀವು ಹಿಡಿಯಬೇಕಾದ ಜುಟ್ಟು ಅದೇ. ಎಲ್ಲಿಂದ ಬಂತು ಎಂದು ಕೇಳಬೇಡಿ, ಏನು ಬಂತು, ಎಲ್ಲಿ ಬಿತ್ತು ಎಂದು ಕೇಳಿ. 2026ರ ಏಪ್ರಿಲ್‌ನಲ್ಲಿ ಹೊಸ ನಿಯಮ ಬರುವವರೆಗೆ ಜಾರಿಯಲ್ಲಿದ್ದ ಘನತ್ಯಾಜ್ಯದ 2016ರ ನಿಯಮದಂತೆ ಗುಂಡಿಗೆ ಹೋಗಬೇಕಾಗಿದ್ದದ್ದು ಕೊಳೆಯದ, ಮರುಬಳಕೆಗೂ ಸುಡಲೂ ಬಾರದ ಉಳಿಕೆ ಮಾತ್ರ. ಗುಂಡಿ ಹೊಳೆಯಿಂದ 100 ಮೀಟರ್, ಕೆರೆ, ಮನೆ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕಿತ್ತು. ತಳದಲ್ಲಿ 90 ಸೆಂ.ಮೀ. ಜೇಡಿ, ಅದರ ಮೇಲೆ 1.5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಸು. ಜಂಬಿಟ್ಟಿಗೆ ಎಂದರೆ ಮೈತುಂಬ ತೂತಿರುವ ಕಲ್ಲು. ಹಾಸಿಲ್ಲದ ಜಂಬಿಟ್ಟಿಗೆ ಕ್ವಾರಿಗೆ ಕಸ ಸುರಿಯುವುದೂ ಒಂದೇ, ಕೆಳಗಿನ ತೋಟದ ಬಾವಿಗೇ ಸುರಿಯುವುದೂ ಒಂದೇ. ಒಂದು ಎಕರೆ ಗುಂಡಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 40 ಸಾವಿರ ಲೀಟರ್ ನೀರು. ಆಷಾಢದಲ್ಲಿ ನಿಮ್ಮೂರಲ್ಲಿ ಒಂದು ಸೆಂಟಿಮೀಟರನ್ನು ಯಾರೂ ಮಳೆ ಅನ್ನುವುದಿಲ್ಲ. ಆ ನೀರೆಲ್ಲ ಕಸದ ಕಪ್ಪು ರಸವಾಗಿ ಇಳಿಯುತ್ತದೆ. ಒಂದು ಪಟ್ಟಣದ ಗುಂಡಿ ನೋಡಲು ಹೋಗಿದ್ದಾಗ ನಕ್ಷೆಯಲ್ಲಿ ಹಾಸು ಚೆಂದಾಗಿ ಬರೆದಿತ್ತು. ಕೋಲು ಚುಚ್ಚಿದರೆ ಬರೀ ಮಣ್ಣು. ಅಂದಿನಿಂದ ನಾನು ನಕ್ಷೆ ನಂಬುವುದು ಬಿಟ್ಟೆ.

ಆದ್ದರಿಂದ ಠರಾವಿಗೆ ಮೊದಲು ಪಹಣಿ ತೆಗೆಸಿ. ಜಾಗ ಯಾರದ್ದೆಂದು ಗೊತ್ತಾಗದೆ ಮುಂದಿನ ಹೆಜ್ಜೆ ಇಲ್ಲ. ಪಂಚಾಯ್ತಿಯದೇ ಆಗಿದ್ದರೆ ಮಾಲೀಕರಂತೆ ಕರಾರಿನಲ್ಲೇ ಷರತ್ತು ಬರೆಯಿರಿ, ‘ಈ ತಾಲ್ಲೂಕಿನ ಮನೆಗಳಲ್ಲಿ ಸಂಗ್ರಹಿಸಿದ್ದು’ ಎಂದು ಮೂಲದಲ್ಲೇ ಬಿಗಿ ಮಾಡಿ. ‘ಇಲ್ಲಿ ಸಂಸ್ಕರಿಸಿದ್ದು’ ಎಂದು ಬರೆದಿರೋ, ಮೇನ್ ಕಥೆಯೇ. ಖಾಸಗಿಯದಾದರೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಅನುಮತಿಪತ್ರದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಯಾವ ಕಸ, ದಿನಕ್ಕೆ ಎಷ್ಟು ಟನ್, ಹಾಸು ಏನು ಎಂಬುದು ಅದರಲ್ಲಿರಬೇಕು. ಅನುಮತಿಯೇ ಇಲ್ಲದಿದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು.

ಎಲ್ಲಕ್ಕಿಂತ ಮುಖ್ಯ, ಒಂದು ಲಾರಿಯೂ ಬರುವ ಮುಂಚೆ, ಗುಂಡಿಯ ಮೇಲ್ಗಡೆಯ ಒಂದು ಬಾವಿ, ಕೆಳಗಡೆಯ ಎರಡು ಬಾವಿಗಳ ನೀರನ್ನು ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಕ್ಲೋರೈಡ್, ಅಮೋನಿಯಾ, ಕರಗಿದ ಘನಾಂಶ, ಇಷ್ಟು ಸಾಕು. ಬಾವಿ ಕೆಟ್ಟ ಮೇಲೆ ಮಾದರಿ ಹಿಡಿದು ಬರುವವರೇ ಎಲ್ಲರೂ. ‘ನಿಮ್ಮ ಬಾವಿ ಮೊದಲೇ ಹಾಗಿತ್ತು’ ಎಂದು ಗುಂಡಿಯವರು ಅಂದರೆ ಬಾಯಿ ಮುಚ್ಚಿಕೊಂಡು ಬರುತ್ತಾರೆ.

ಇನ್ನೊಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಘನತ್ಯಾಜ್ಯದ ಅದೇ 2016ರ ನಿಯಮ ಗುಡ್ಡಗಾಡಿನಲ್ಲಿ ಗುಂಡಿ ಬೇಡ, ಕೆಳಗಿನ ಬಯಲಿನಲ್ಲಿ 25 ಕಿ.ಮೀ. ಒಳಗೆ ಜಾಗ ಹುಡುಕಿ, ಸಿಗದಿದ್ದರೆ ಹಲವು ಊರಿಗೆ ಸೇರಿ ಒಂದು ಮಾಡಿ ಎನ್ನುತ್ತಿತ್ತು. ಅಂದರೆ ಮಲೆನಾಡಿನ ಕಸವೇ ಇನ್ನೊಬ್ಬರ ಊರಿಗೆ ‘ಹೊರಗಿನ ಕಸ’ ಆಗಿ ಇಳಿಯಬೇಕು. ಬಯಲಿನವರು ನಿಮ್ಮ ಬೋರ್ಡನ್ನೇ ನಕಲು ಮಾಡಿದರೆ?

ಪ್ರಶ್ನೆ: ಕಸದ ರಾಶಿಗೆ ಒಂದು ಬಗೆಯ ಜೀವಾಣು ದ್ರಾವಣ ಸಿಂಪಡಿಸಿದರೆ ಆರು ತಿಂಗಳಲ್ಲಿ ಗುಡ್ಡವೇ ಕರಗುತ್ತದಂತೆ. (ಭದ್ರಾವತಿ)

ವಾಸನೆ ಒಂದಿಷ್ಟು ಕಡಿಮೆಯಾದೀತು. ಪ್ಲಾಸ್ಟಿಕ್ಕು, ಗಾಜು, ಹಳೇ ಚಪ್ಪಲಿ ಯಾವ ಜೀವಾಣುವಿಗೂ ಬೇಡ. ಮಾರುವವರಿಗೆ ಹೇಳಿ, ಗುಡ್ಡ ಕರಗಿದ ಮೇಲೆ ದುಡ್ಡು.

ಪ್ರಶ್ನೆ: ಹೋಮ್‌ಸ್ಟೇಗೆ ಕರೆಂಟಿಲ್ಲದ, ಹೊಗೆಯೂ ಬಾರದ ಕಸ ಸುಡುವ ಡಬ್ಬಿ ಕೊಳ್ಳಬಹುದೇ? (ತೀರ್ಥಹಳ್ಳಿ)

ಬೇಡ. ಕಾವು ಸಾಲದೆ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಬರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಹೊಗೆ ಕಾಣದಿದ್ದರೆ ವಿಷವಿಲ್ಲ ಎಂದು ಹೇಳಿದವರ ಹತ್ತಿರ ಇನ್ನೇನೂ ಕೊಳ್ಳಬೇಡಿ.

ಪ್ರಶ್ನೆ: ಅಡಿಕೆ ಸಿಪ್ಪೆ ರಸ್ತೆ ಬದಿಗೆ ಹಾಕುತ್ತೇವೆ. ಅದು ಕಸವಲ್ಲವಲ್ಲ? (ಸಾಗರ)

ನಿಮ್ಮ ತೋಟದಲ್ಲಿದ್ದರೆ ಗೊಬ್ಬರ. ರಸ್ತೆಗೆ ಬಿದ್ದ ಕೂಡಲೇ ಕಸ. ಮಳೆಗಾಲದಲ್ಲಿ ಅದರ ಮೇಲೆ ಬೈಕು ಜಾರಿ ಬಿದ್ದವರಲ್ಲಿ ನಾನೂ ಒಬ್ಬ.